ಲಜಿಗಳ ಓಣಿ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ವರ್ಷಗಟ್ಟಲೆ ಬ್ಲೀಚಿನ ಹಬೆ ಕುಡಿದು ಅವಳಿಗೆ ಕೆಮ್ಮು ಅಂಟಿಕೊಂಡಿತ್ತು. ಹಾಲು ಕುಡಿಯುವ ಅವಳ ಮಗು ಕೆಮ್ಮಿಗೆ ಬೆಚ್ಚಿ ಮೊಲೆ ಬಿಟ್ಟು ಅಳುತ್ತಿತ್ತು. ಅದಕ್ಕೇ ಗಾಲಿಕುರ್ಚಿ ತಳ್ಳುವ ಕೆಲಸ ಕೇಳಿ ಪಡೆದಳು, ಗಾಡಿಯಕ್ಕ ಅನ್ನಿಸಿಕೊಂಡಳು. “ಒಂದು ವಾರ ನೋಡ್ತೀನಿ. ರೋಗಿನ ತಪ್ಪು ಬಾಗಿಲಿಗೆ ಬಿಟ್ಯೋ, ವಾಪಸ್ ಹಬೆಗೆ,” ಎಂದಿದ್ದರು ದೊಡ್ಡ ಸಿಸ್ಟರ್.

ಬಾಗಿಲುಗಳೇ ತೊಡಕು. ಅಕ್ಷರ ಕೂಡಿಸಿ ಓದುತ್ತಿದ್ದಳು, ಓದಿದ್ದರ ತಲೆಬುಡ ತಿಳಿಯುತ್ತಿರಲಿಲ್ಲ. ಕಾರ್ಡಿಯಾಲಜಿ, ಡರ್ಮಟಾಲಜಿ, ಯೂರಾಲಜಿ, ನ್ಯೂರಾಲಜಿ. ಒಂದೇ ತಾಯಿಯ ಮಕ್ಕಳ ಹಾಗೆ ಎಲ್ಲದರ ಹಿಂದೆಯೂ ಒಂದು ಲಜಿ.

ನರ್ಸಿಂಗ್ ಓದುತ್ತಿದ್ದ ನಾದಿನಿ ಊಟಕ್ಕೆ ಕೂತಾಗ ಹೇಳಿಕೊಟ್ಟಳು.

“ಅತ್ತಿಗೆ, ಲಜಿ ಅಂದ್ರೆ ಶಾಸ್ತ್ರ. ಮುಂದೆ ಇರೋದು ಅಂಗ. ಕಾರ್ಡಿಯೋ ಹೃದಯ, ನ್ಯೂರೋ ನರ, ಡರ್ಮ ಚರ್ಮ.”

“ಸರಿ, ರೇಡಿಯಾಲಜಿ? ಮೈಯೊಳಗೆ ರೇಡಿಯೋ ಎಲ್ಲಿದೆ?”

“ಅದು ಅಂಗ ಅಲ್ಲ, ಎಕ್ಸ್‌ರೇದು.”

“ಈಗ ತಾನೇ ಅಂಗ ಅಂದ್ಯಲ್ಲೇ!”

“ಅಯ್ಯೋ, ಮೊದಲು ಊಟ ಮಾಡಿ!”

ಕೊನೆಗೆ ಅವಳು ಬೋರ್ಡು ಬಿಟ್ಟು ಬೆಂಚು ಓದತೊಡಗಿದಳು. ಎದೆಯ ಮೇಲೆ ಕೈಯಿಟ್ಟು ಕೂತವರಿದ್ದರೆ ಹೃದಯ. ಯಾರೂ ನೋಡದಾಗ ಕೆರೆದುಕೊಳ್ಳುವವರಿದ್ದರೆ ಚರ್ಮ. ಗಳಿಗೆಗೊಮ್ಮೆ ಎದ್ದು ಹೋಗುವವರಿದ್ದರೆ ಯೂರಾಲಜಿ. ವಾರ ಮುಗಿಯುತ್ತ ಬಂದರೂ ಒಂದೂ ತಪ್ಪಿಲ್ಲ.

ಕೊನೆಯ ದಿನ ಹೃದಯದ ಕಡೆಯ ಗೋಡೆಗೆ ಬಣ್ಣ ಬಳಿಯುವವರು ಬಂದರು. ಅಲ್ಲಿದ್ದವರನ್ನು ಎಬ್ಬಿಸಿ, ಬೆಂಚು ಎತ್ತಿ, ಚರ್ಮದ ಬಾಗಿಲ ಮುಂದೆ ಹಾಕಿ ಕೂರಿಸಿದರು. ಇದು ಗಾಡಿಯಕ್ಕನಿಗೆ ಗೊತ್ತಿಲ್ಲ. ಹೃದಯ ತೋರಿಸಲು ಬಂದಿದ್ದ ದರ್ಜಿ ತಾತನನ್ನು ತಳ್ಳಿಕೊಂಡು ಬಂದಳು. ಎದೆ ಹಿಡಿದವರನ್ನು ಕಂಡು ಸೀದಾ ಒಳಗೆ ಬಿಟ್ಟಳು.

ಮತ್ತೆ ಕರೆತರಲು ಹೋದರೆ ತಾತನ ಕೈಯಲ್ಲಿ ಪೌಡರಿನ ಡಬ್ಬ.

“ಎದೆ ಅಂದೆ. ಅಂಗಿ ಬಿಚ್ಚಿಸಿ ನೋಡಿ, ಬೆವರುಸಾಲೆ ಅಂದ್ರಮ್ಮ. ಹೃದಯಕ್ಕೂ ಬೆವರುಸಾಲೆ ಏಳುತ್ತಾ?”

ಅವಳಿಗೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತಾಯಿತು. ಹೊರಗೆ ಬಂದರೆ ಎದುರಿಗೇ ದೊಡ್ಡ ಸಿಸ್ಟರ್.

“ಬೋರ್ಡ್ ಕಾಣಲ್ವಾ ನಿಂಗೆ?”

“ಕಾಣುತ್ತೆ ಸಿಸ್ಟರ್. ಎಲ್ಲಾ ಲಜಿ ಅಂತಾನೇ ಇದೆ. ನಾನು ಜನರನ್ನ ನೋಡಿ...” ಉಳಿದ ಮಾತನ್ನು ಕೆಮ್ಮು ನುಂಗಿತು.

“ಬಯ್ಬೇಡಿ ತಾಯಿ,” ಎಂದ ತಾತ. “ಓದು ಬರೋ ನಾನೂ ಹೋಗಿ ಅಂಗಿ ಬಿಚ್ಚಿ ಕೂತೆನಲ್ಲ.”

ಅಷ್ಟರಲ್ಲಿ ಬೆಂಚಿನವರು ಎದ್ದರು. “ಸಿಸ್ಟರ್, ನಮ್ಮ ಡಾಕ್ಟ್ರು ಎಲ್ಲಿ?” ಸಿಸ್ಟರ್ ಒಂದೊಂದೇ ಬಾಗಿಲಲ್ಲಿ ಇಣುಕುತ್ತ ಓಣಿಯ ತುದಿಯವರೆಗೂ ಹೋಗಿ ಬಂದರು.

“ಹೃದಯ ಈಗ ಮಕ್ಕಳ ವಾರ್ಡಿನ ಹಿಂದಿದೆಯಂತೆ. ಹೃದಯದವರು ಯಾರ್ಯಾರು ಅಂತ ನಿಂಗೆ ಗೊತ್ತಲ್ಲ, ಕರ್ಕೊಂಡು ಹೋಗು.”

“ನಾಳೆ ಸಿಸ್ಟರ್? ಹಬೆಗಾ?”

“ಬಣ್ಣ ಒಣಗೋವರೆಗೂ ಇಲ್ಲೇ ಇರು. ಆಮೇಲೆ ನೋಡೋಣ.”

ಇದು ಗೆದ್ದದ್ದೋ ಸೋತದ್ದೋ ಅವಳಿಗೆ ಬಗೆಹರಿಯಲಿಲ್ಲ. ಎದೆ ಹಿಡಿದವರ ಸಾಲನ್ನು ಹಿಂದಿಟ್ಟುಕೊಂಡು ತಾತನ ಕುರ್ಚಿ ತಳ್ಳುತ್ತ ಹೊರಟವಳು, ಹೊಸ ಬಣ್ಣದ ಗೋಡೆಯ ಪಕ್ಕ ಬಂದಾಗ ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿದಳು.

ಇನ್ನೂ ಹಸಿಯಾಗಿಯೇ ಇತ್ತು.