ಪೂಜೆಗಿಟ್ಟ ಹುಟ್ಟು, ಕಂಬಕ್ಕೆ ಬಡಿದ ದೋಣಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೊಳ್ಳೇಗಾಲ ಸೀಮೆಯ ಈ ಕಡವಿನಲ್ಲಿ ಅಂಬಿಗ ಪುಟ್ಟಮಾದಪ್ಪ ಆಗಲೇ ಮೊಣಕಾಲುದ್ದ ನೀರಲ್ಲಿ ನಿಂತು ದೋಣಿಯೊಳಗಿನ ನೀರು ಮೊಗೆದು ಚೆಲ್ಲುತ್ತಿದ್ದಾರೆ. ಹಾಲಿನ ಕ್ಯಾನಿನವರು, ಬುತ್ತಿ ಹಿಡಿದ ಕೂಲಿಯವರು ಒಬ್ಬೊಬ್ಬರಾಗಿ ಬಂದು ಹತ್ತುತ್ತಾರೆ. ಹಳೆಯ ಸೇತುವೆ ಕೂಗಳತೆಯಲ್ಲೇ ಇದೆ. ಆದರೆ ಅದರ ಮೇಲೆ ಹೋಗಬೇಕೆಂದರೆ ಊರೆಲ್ಲ ಸುತ್ತಿ ರಸ್ತೆ ಸೇರಬೇಕು. ಪುಟ್ಟಮಾದಪ್ಪ ಆ ಸೇತುವೆಯ ಕಡೆ ಕಣ್ಣೇ ಹಾಯಿಸುವುದಿಲ್ಲ.

ಅಜ್ಜನ ಕಾಲದಿಂದ ಹೊಳೆ ದಾಟಿಸುವ ಮನೆತನ ಇವರದು. ದಿನಕ್ಕೆ ಹತ್ತು ಹನ್ನೆರಡು ಸಲ ಆಚೆ ಈಚೆ ಓಡಾಟ. ಹೊಳೆ ಉಕ್ಕಿದಾಗ ತುಂಬು ಬಸುರಿಯರನ್ನು ದಾಟಿಸಿದ್ದಾರೆ. ಆಗೆಲ್ಲ ಒಂದು ನರಪಿಳ್ಳೆಯೂ ಫೋಟೊ ತೆಗೆಯಲಿಲ್ಲ. ಕಳೆದ ಆಯುಧಪೂಜೆಯ ಸಂಜೆ ಮಾತ್ರ ಹನೂರಿನ ತನಕ ಎಲ್ಲರ ಮೊಬೈಲಿನಲ್ಲೂ ಇವರದೇ ಮುಖ. ಅಯ್ಯೋ, ಆ ಪಾಡು ಹಗೆಯವನಿಗೂ ಬೇಡ!

ಅವತ್ತು ದೋಣಿಯ ಹುಟ್ಟನ್ನೂ ಬಿದಿರಿನ ಗಳವನ್ನೂ ತೊಳೆದು, ವಿಭೂತಿ ಬಳಿದು ದೇವರ ಮುಂದೆ ಇಟ್ಟಿದ್ದರು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಸಂಜೆ ಆಚೆ ದಡದಿಂದ ಕೂಗು ಕೇಳಿತು. ಪೇಟೆಯಲ್ಲಿ ಹೂ ಮಾರಿ ಬಂದ ವೀರಮ್ಮ ದೋಣಿಗಾಗಿ ಕಾಯುತ್ತಿದ್ದರು. ಪಂಚಾಯಿತಿಯವರು ಹಾಕಿಸಿಕೊಟ್ಟ ಎಂಜಿನ್ ಇತ್ತಲ್ಲ, ಪುಟ್ಟಮಾದಪ್ಪ ಅದನ್ನು ಚಾಲೂ ಮಾಡಿ ಬರಿಗೈಯಲ್ಲಿ ಹೊರಟೇಬಿಟ್ಟರು.

"ಎಂಜಿನ್ನು ಪಂಚಾಯ್ತಿದು, ಉಟ್ಟು ನಮ್ಮಪ್ಪಂದು ಸಾ. ಪೂಜೆಗ್ ಮಡಗಿರದ ಎಂಗ್ ಎತ್ಲಿ ಅಂತ ಬುಟ್ಟೋದೆ. ಬುದ್ದಿ ಎಲ್ಲೋಗಿತ್ತೋ ನಂಗೆ!"

ವೀರಮ್ಮನನ್ನು ಹತ್ತಿಸಿಕೊಂಡು ನಡುಹೊಳೆಗೆ ಬರುವಷ್ಟರಲ್ಲಿ ಎಂಜಿನ್ನಿನ ರೆಕ್ಕೆಗೆ ನೀರಲ್ಲಿ ತೇಲುವ ಅಂತರಗಂಗೆ ಕಳೆ ಸುತ್ತಿಕೊಂಡಿತು. ಗುರ್ ಎಂದದ್ದು ನಿಂತೇಹೋಯಿತು. ಸೆಳವು ದೋಣಿಯನ್ನು ಸೇತುವೆಯ ಕಡೆಗೆ ಎಳೆಯಿತು. ಗಳವೊಂದು ಕೈಯಲ್ಲಿದ್ದರೆ ಕಂಬಕ್ಕೆ ಒತ್ತು ಕೊಟ್ಟು ತಪ್ಪಿಸಬಹುದಿತ್ತು. ಪುಟ್ಟಮಾದಪ್ಪ ಕೈಯಲ್ಲೇ ನೀರು ಬಗೆದರು. ಕಲ್ಲಿನ ಕಂಬ ಎದುರಿಗೇ ಬಂದಾಗ ವೀರಮ್ಮ ಗಾಬರಿಯಲ್ಲಿ ಅದನ್ನು ತಡೆಯಲು ಬಲಗೈ ಚಾಚಿದರು. ದೋಣಿ ಬಡಿದಾಗ ಕೈ ನಡುವೆ ಸಿಕ್ಕಿಕೊಂಡಿತು. ಸೇತುವೆಯ ಮೇಲಿದ್ದವರು ಹಗ್ಗ ಬಿಟ್ಟು ಇಬ್ಬರನ್ನೂ ಎಳೆದುಕೊಂಡರು, ನಿಜ. ಮೊದಲು ವಿಡಿಯೊ ಮಾಡಿಕೊಂಡರು, ಆಮೇಲೆ ಹಗ್ಗ ಹುಡುಕಿದರು.

ಜೀವ ಉಳಿಯಿತು. ಆದರೆ ಕೈಗೆ ಹಾಕಿದ್ದ ಕಟ್ಟು ಬಿಚ್ಚಿದ ಮೇಲೂ ವೀರಮ್ಮನ ಬೆರಳುಗಳು ಮಡಚಲಿಲ್ಲ. ಮಾತಾಡುತ್ತಲೇ ಮಾರುಗಟ್ಟಲೆ ಕನಕಾಂಬರ ಕಟ್ಟುತ್ತಿದ್ದ ಕೈ ಅದು. ಈಗ ಅವರು ಬಿಡಿ ಹೂವನ್ನಷ್ಟೇ ಮಾರುತ್ತಾರೆ, ಅದೂ ಬಸ್ಸಿನಲ್ಲಿ ಸುತ್ತು ಹಾಕಿಕೊಂಡು ಹೋಗಿ. ದೋಣಿಯ ಕಡೆಗೆ ಸುಳಿದಿಲ್ಲ.

"ಜನ ಆಡ್ಕತಾರೆ, ಆಡ್ಕಳ್ಳಿ ಬುಡಿ. ಆಯಮ್ಮ ಎದುರ್ಗೆ ಬಂದ್ರೆ ನಾಚ್ಕೆ ಆಗಿ ಸಂದೀಗ್ ನುಗ್ಗಿಬುಡ್ತೀನಿ ಸಾ. ಒಂದ್ಸಲ ನನ್ ದೋಣಿ ಅತ್ತುದ್ರೆ ಸಾಕು. ಆದ್ರೆ ಬಾ ಅಂತ ಕರಿಯಕ್ಕೆ ನಂಗ್ ಯಾವ ಮೊಕ ಅದೆ?"

ಈ ಮಾತು ಮುಗಿಯುವ ಮೊದಲೇ ದಡದ ಮೇಲೊಂದು ಹೂವಿನ ಬುಟ್ಟಿ ಕಾಣಿಸುತ್ತದೆ. ವೀರಮ್ಮನೇ. ಬಸ್ಸು ಬಂದಿಲ್ಲವಂತೆ, ಬಿಸಿಲೇರಿದರೆ ಹೂ ಬಾಡುತ್ತದಂತೆ. ದೋಣಿಯಲ್ಲಿದ್ದವರು ಸರಿದು ಜಾಗ ಬಿಡುತ್ತಾರೆ. ಭೂಮಿ ಬಾಯಿಬಿಡಬಾರದೇ ಎನ್ನಿಸಿ ಪುಟ್ಟಮಾದಪ್ಪ ನೀರನ್ನೇ ನೋಡುತ್ತ ನಿಲ್ಲುತ್ತಾರೆ. ಆಕೆ ಯಾರ ಆಸರೆಯನ್ನೂ ಕೇಳದೆ ಹತ್ತಿ ಕೂರುತ್ತಾರೆ. ದೋಣಿ ದಡ ಬಿಡುತ್ತದೆ. ಅಂಬಿಗ ಹುಟ್ಟು ಹಾಕುತ್ತಾರೆ, ತಗ್ಗಿಸಿದ ತಲೆಯನ್ನು ಮಾತ್ರ ಎತ್ತುವುದಿಲ್ಲ.

"ಲೇ ಮಾದಪ್ಪ, ತಲೆ ಎತ್ಲಾ," ಎನ್ನುತ್ತಾರೆ ವೀರಮ್ಮ. "ಇಂಗೆ ಬಗ್ಗುಸ್ಕಂಡು ಓಯ್ತಿದ್ರೆ ಇನ್ನೊಂದ್ಸಲ ಕಂಬಕ್ಕೆ ಗುದ್ದುಸ್ತೀಯ. ಉಳುದಿರೋದು ಒಂದೇ ಕೈ ಕಣ್ಲಾ ನಂಗೆ."