ಅವ್ವ ಹಾಸಿದ ಗೋದಲಿ

ಇದು ನಡೆದದ್ದು ಹೋದ ವರ್ಷ, ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನ. ಆ ಸಂಜೆಯೇ ಡೈರಿಯಲ್ಲಿ ಬರೆದಿಟ್ಟೆ. ನನ್ನ ನೆನಪು ತನಗೆ ಬೇಕಾದ ಹಾಗೆ ತಿದ್ದಿಕೊಳ್ಳುತ್ತದೆ ಎಂದು ನನಗೆ ಗೊತ್ತು. ಅದಕ್ಕೇ ಆ ಪುಟವನ್ನು ಮುಂದಿಟ್ಟುಕೊಂಡು ಹೇಳುತ್ತಿದ್ದೇನೆ.

ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಪಕ್ಕದ ಮನೆ ಪ್ರಭುದಾಸ ಮಾಸ್ತರರದು. ಪ್ರತಿ ಕ್ರಿಸ್‌ಮಸ್‌ಗೆ ಅವರು ಮನೆಯ ಮುಂದಿನ ಕಟ್ಟೆಯ ಮೇಲೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಕಟ್ಟುತ್ತಾರೆ. ಹೋದ ವರ್ಷ ಹಲಗೆಯಿಂದ ನಿಜದ ಅಳತೆಯ ಗೋದಲಿ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ, ಮಾಡಿಸಿದ್ದರು.

"ನಿಮ್ಮೂರಿಂದ ಒಂದ್ ಹೊರಿ ಮೇವು ತಂದಕೊಡ್ರಿ ಸರ್. ಈ ಸಲ ಖರೇ ಮೇವಿನ ಮ್ಯಾಲ ಮಲಗಸೋಣು" ಎಂದರು.

ನಮ್ಮೂರು ತಿಕೋಟಾ ಕಡೆಯ ಘೋಣಸಗಿ. ಬೈಕ್ ಮೇಲೆ ಹೋಗಿ ಕಾಕಾನ ಮಗನ ಬಣವೆಯಿಂದ ಜೋಳದ ಕಣಿಕೆ, ಅಂದರೆ ಎಲೆ ಸಮೇತದ ಒಣ ದಂಟು, ತಂದುಕೊಟ್ಟೆ. ಮಾಸ್ತರರು ಅದನ್ನು ಗೋದಲಿಯಲ್ಲಿ ತುಂಬಿ, ಮೇಲೆ ಮಣ್ಣಿನ ಬಾಲಯೇಸುವನ್ನು ಮಲಗಿಸಿದರು. ನನ್ನ ಅವ್ವ ಬಿಸಿಲು ಕಾಯಿಸಿಕೊಳ್ಳುತ್ತ ಅಲ್ಲೇ ಕುಳಿತಿದ್ದಳು.

"ಲೇ ಮಾಸ್ತರಾ, ಹಸಿ ಕೂಸಿನ ಕೆಳಗ ಕಣಿಕಿ ಹಾಕತಾರೇನೋ? ಬೆನ್ನೆಲ್ಲಾ ಗೀರತೈತಿ."

"ಅವ್ವಾರ, ಅದು ಮಣ್ಣಿನ ಗೊಂಬಿರೀ."

"ಗೊಂಬಿ ಇದ್ರ ನಾಳೆ ಕೈ ಯಾಕ ಮುಗಿತಿ?"

ಮಾಸ್ತರರ ಹೆಂಡತಿ ಸುಶೀಲಾ ಬಾಯಿಗೆ ಸೆರಗು ಹಚ್ಚಿ ನಕ್ಕರು. ಅವ್ವ ಆಗಲೇ ಎದ್ದಿದ್ದಳು. ಗೊಂಬೆಯನ್ನು ಎತ್ತಿ ಸುಶೀಲಾ ಅವರ ಕೈಗಿತ್ತು, ಕಣಿಕೆಯನ್ನೆಲ್ಲ ಹೊರಗೆಳೆದಳು. ದಂಟಿನಿಂದ ರವದಿಯನ್ನಷ್ಟೇ, ಅಂದರೆ ಒಣ ಎಲೆಗಳನ್ನು, ಸುಲಿದು, ಅಂಗೈಯಲ್ಲಿ ತಿಕ್ಕಿ ಮೆತ್ತಗೆ ಮಾಡಿ ಹಾಸಿದಳು. ಅದರ ಮೇಲೆ ಗೋಣಿಚೀಲ, ಅದರ ಮೇಲೆ ನಾಲ್ಕು ಮಡಿಕೆಯ ಹಳೆ ಸೀರೆ. ಗೊಂಬೆಯನ್ನು ಮಗ್ಗುಲಾಗಿ ಮಲಗಿಸಿ, ಹೊರಳದಂತೆ ಎರಡೂ ಕಡೆ ಬಟ್ಟೆ ಸುತ್ತಿಟ್ಟಳು. ಕೊನೆಗೆ ದೂರವಿದ್ದ ಮಣ್ಣಿನ ಆಕಳನ್ನು ಹತ್ತಿರ ಸರಿಸಿ, ಮುಖ ತಿರುಗಿಸಿದಳು. "ಇದರ ಉಸಿರು ಕೂಸಿಗಿ ಹತ್ತಬೇಕು. ಬೆಚ್ಚಗಿರತೈತಿ."

"ಯವ್ವಾ, ಇದನ್ನೆಲ್ಲಾ ಎಲ್ಲಿ ಕಲತಿರಿ?" ಎಂದರು ಸುಶೀಲಾ.

ಅವ್ವ ನನ್ನ ಕಡೆ ನೋಡಿದಳು. ಏನೋ ತಪ್ಪು ಮಾಡಿದವಳಂತೆ ಕಣ್ಣು ತೆಗೆದಳು. "ಇಂವನ್ನ ಹಿಂಗ ಮಲಗಿಸಿದ್ವಿ."

ನಾನು ನಕ್ಕೆ. "ಅವ್ವಾ, ನಾ ಹುಟ್ಟಿದ್ದು ವಿಜಯಪುರ ದವಾಖಾನ್ಯಾಗ ಅಲ್ಲೇನ?" ಇಷ್ಟು ವರ್ಷ ಹಾಗೇ ನಂಬಿದ್ದೆ.

ಅವಳು ಗೋದಲಿಯ ಅಂಚಿನ ಮೇಲಿನ ಕೈ ತೆಗೆಯದೆ ಹೇಳಿದಳು. ಅಂದು ಎಳ್ಳ ಅಮಾವಾಸ್ಯೆ. ಮನೆಯವರೆಲ್ಲ ಬಂಡಿ ಕಟ್ಟಿಕೊಂಡು ಹೊಲದ ಪೂಜೆಗೆ ಹೋಗಿದ್ದರು. ದಿನ ತುಂಬಿದ್ದ ಅವ್ವ ಒಬ್ಬಳೇ ಉಳಿದಿದ್ದಳು. ನಮ್ಮ ಹಳೆಯ ಮನೆಯಲ್ಲಿ ಬಾಗಿಲು ದಾಟಿದೊಡನೆ ದನದ ಜಾಗ, ಎರಡು ಮೆಟ್ಟಿಲು ಮೇಲೆ ಪಡಸಾಲೆ. ಆಕಳಿಗೆ ಮೇವು ಹಾಕುವಾಗ ಬೇನೆ ಬಂತು, ಮೆಟ್ಟಿಲು ಹತ್ತಲಾಗಲಿಲ್ಲ. ಕೂಗು ಕೇಳಿ ಪಕ್ಕದ ಮನೆಯ ಹಸೀನಾಬಿ ಓಡಿ ಬಂದಳು.

"ಒಳಗ ಥಂಡಿ ಐತಿ, ಇಲ್ಲೇ ಆಕಳ ಹತ್ರ ಇರು ಅಂದ್ಳು. ಎತ್ತು ಹೊಲಕ್ಕ ಹೋಗಿದ್ವಲ್ಲ, ಗ್ವಾದಲಿ ಖಾಲಿ ಮಾಡಿ, ರವದಿ ತಿಕ್ಕಿ ಹಾಸಿ, ತನ್ನ ಸೀರಿ ಮಡಚಿ ಹಾಕಿ ಮಲಗಿಸಿದ್ಳು. ರಾಜಾನಂಗ ಮಲಗಿದ್ದಿ."

"ಮತ್ತ ದವಾಖಾನಿ ಅಂತ ಯಾಕ ಹೇಳಿದಿ?"

"ಊರು ಬಿಟ್ಟು ಇಲ್ಲಿಗಿ ಬಂದ ವರ್ಷ, ನೀ ನಾಕನೇ ಇಯತ್ತೆ ಇದ್ದಾಗ, ಸಾಲ್ಯಾಗ ಯಾರೋ ನಿನ್ನ ಸೆಗಣಿ ವಾಸನಿ ಅಂತ ಕಾಡಿಸಿದ್ರು. ಮನಿಗಿ ಬಂದು, ದನದ ಜೋಡಿ ಇದ್ದಿವಿ ಅಂತ ಯಾರ ಮುಂದೂ ಹೇಳಬ್ಯಾಡ ಅಂತ ಅತ್ತಿ. ಆವತ್ತಿಂದ ಈ ಮಾತು ಹೇಳೂದ ಬಿಟ್ಟೆ."

ನನಗಿದು ನೆನಪಿಲ್ಲ. ಅವ್ವ ಸುಳ್ಳು ಹೇಳುವವಳಲ್ಲ ಎಂದು ಬರೆಯಲು ಹೊರಟೆ. ದವಾಖಾನೆಯ ಸುಳ್ಳನ್ನು ಇಷ್ಟು ವರ್ಷ ಸಾಕಿದವಳೂ ಅವಳೇ. ಆದರೆ ತನ್ನ ಬದುಕಿನ ಅಷ್ಟು ದೊಡ್ಡ ದಿನವನ್ನು ನನ್ನ ನಾಚಿಕೆಗಾಗಿ ಅವಳು ಮುಚ್ಚಿಟ್ಟಿದ್ದಳು ಎಂಬುದು ಅವಳ ಕಣ್ಣಿನಲ್ಲೇ ಇತ್ತು. ಈಗಲೂ ನಾನು ಮುಖ ಸಿಂಡರಿಸುತ್ತೇನೋ ಎಂದು ಕಾಯುತ್ತಿದ್ದಳು. ನಾನು ಅವಳ ಪಕ್ಕ ಕುಳಿತು ಆ ಕೈಯ ಮೇಲೆ ಕೈಯಿಟ್ಟೆ.

"ಇನ್ನೊಮ್ಮಿ ಹೇಳಬೇ, ಮೊದಲಿಂದ" ಎಂದೆ.

ಈ ಸಲ ಅವಳು ಸಾವಕಾಶ, ನಗುತ್ತ ಹೇಳಿದಳು.

ಪ್ರಭುದಾಸ ಮಾಸ್ತರರು ಹೇಳಿದರು: "ದೇವರ ಮಗನಿಗಿ ಊರಾಗ ಜಾಗಾ ಸಿಗಲಿಲ್ಲ ಅಂತ ನಾವು ವರ್ಷಾ ಮರುಗತೇವ್ರಿ. ಯಾರೋ ಒಬ್ರು ಗೋದಲಿ ಖಾಲಿ ಮಾಡಿಕೊಟ್ಟಿರಬೇಕಲ್ಲ. ಅವರ ನೆನಪ ನನಗ ಆಗಿದ್ದಿಲ್ಲ."

ಮರುದಿನ ಬಂದವರೆಲ್ಲ ಆ ಗೋದಲಿಗೆ ಕೈ ಮುಗಿದರು. ನಾನೂ ಮುಗಿದೆ. ಯಾರಿಗೆ ಮುಗಿದೆ ಎಂದು ಕೇಳಿಕೊಂಡರೆ ಒಂದೇ ಉತ್ತರ ಬರುವುದಿಲ್ಲ. ಮನಸ್ಸು ಮಾತ್ರ ತುಂಬಿತ್ತು. ಹಸೀನಾಬಿ ತೀರಿಹೋಗಿ ಬಹಳ ವರ್ಷವಾಯಿತು. ಚಿಕ್ಕವನಿದ್ದಾಗ ಊರಿಗೆ ಹೋದರೆ ಆಕೆ ನನ್ನ ಬೆನ್ನು ಸವರುತ್ತಿದ್ದಳು, ನಾನು ತಪ್ಪಿಸಿಕೊಂಡು ಓಡುತ್ತಿದ್ದೆ. ಇದು ನಿಜವಾಗಿ ನೆನಪಿದೆಯೋ, ಈಗ ಕಟ್ಟಿಕೊಂಡೆನೋ, ಹೇಳಲಾರೆ.

ಜನವರಿಯಲ್ಲಿ ಹೊಸ ಡೈರಿ ತೆರೆದೆ. ಮೊದಲ ಪುಟದಲ್ಲಿ ಜನ್ಮಸ್ಥಳ ಎಂಬ ಸಾಲಿತ್ತು. ಓದು ಬಾರದ ಅವ್ವ ಪಕ್ಕದಲ್ಲಿ ಕುಳಿತು ಕೇಳಿದಳು, "ಏನ್ ಬರದಿ?"

"ಘೋಣಸಗಿ."

"ಅಷ್ಟನ?"

"ಮತ್ತೇನ ಬರೀಲಿ, ಗ್ವಾದಲಿ ಅಂತ?"

"ಹಸೀನಾಬಿ ಅಂತ ಬರಿ."

ಬರೆದೆ. ಸಾಲು ಸಾಲಲಿಲ್ಲ, ಹೆಸರು ಅಂಚಿನವರೆಗೂ ಹೋಯಿತು.