ಅಪ್ಪ ಕಲಿಸಿದ ಮೂರನೇ ನಡೆ

ಅಣ್ಣನ ಮೇಲಿನ ಸಿಟ್ಟು ನನಗೆ ಇಂದಿಗೂ ಆರಿಲ್ಲ. ಆರಲಿ ಅಂತ ನಾನು ಪ್ರಯತ್ನಪಟ್ಟವಳೂ ಅಲ್ಲ.

ಆಗ ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ. ಶಿಡ್ಲಘಟ್ಟದ ನಮ್ಮ ಮನೆಯಲ್ಲಿ, ರೇಷ್ಮೆ ನೂಲು ತೆಗೆದು ಬಂದ ಅಪ್ಪ ಬೆಂದ ಗೂಡಿನ ವಾಸನೆಯ ಕೈಯಲ್ಲೇ ಚದುರಂಗದ ಕಾಯಿ ಜೋಡಿಸುತ್ತಿದ್ದರು. ಅವರ ಆರಂಭ ಒಂದೇ. ರಾಜನ ಮುಂದಿನ ಕಾಲಾಳು ಎರಡು ಮನೆ, ಬಲಗಡೆ ಕುದುರೆಯ ಮುಂದಿನದು ಒಂದು ಮನೆ, ಮೂರನೇ ನಡೆಗೆ ರಾಜನೇ ಕುದುರೆಯಂತೆ ನೆಗೆದು ಆ ಕಾಲಾಳಿನ ಹಿಂದೆ ಕೂರುವುದು. ಆಟಕ್ಕೊಮ್ಮೆ ರಾಜ ಹೀಗೆ ನೆಗೆಯಬಹುದೆಂಬುದು ನಮ್ಮ ಬೀದಿಯ ನಿಯಮ. ಲೋಕದ ನಿಯಮವೂ ಅದೇ ಎಂದು ಅಪ್ಪ ನಂಬಿದ್ದರು, ನಾನೂ ನಂಬಿದ್ದೆ. ಅಣ್ಣ ಮಾತ್ರ ಕಾಲೇಜು ಸೇರಿದ ಮೇಲೆ, ಅಪ್ಪ ಆಟಕ್ಕೆ ಕರೆದರೆ ‘ಓದೋದಿದೆ’ ಎಂದು ಎದ್ದುಹೋಗುತ್ತಿದ್ದ.

ಚಿಂತಾಮಣಿಯ ಪಂದ್ಯಾವಳಿಗೆ ಇಬ್ಬರೂ ಹೆಸರು ಕೊಟ್ಟೆವು. ಸೋತವರು ನೇರ ಮನೆಗೆ. ಚೀಟಿ ಎತ್ತಿದಾಗ ಮೊದಲ ಸುತ್ತಿಗೇ ಅವನೂ ನಾನೂ. ನನಗೆ ಖುಷಿಯೇ ಆಯಿತು. ಅಪ್ಪನ ಆಟವನ್ನು ಕೀಳಾಗಿ ಕಂಡವನನ್ನು ಅದೇ ಆಟದಿಂದ, ಅವರ ಕಣ್ಣೆದುರೇ ಮಣಿಸಬೇಕಿತ್ತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಮೂರನೇ ನಡೆಗೆ ರಾಜನನ್ನು ನೆಗೆಸಿದೆ. ಅಣ್ಣ ನನ್ನ ಮುಖ ನೋಡದೆ ಕೈ ಎತ್ತಿದ. “ಸಾರ್, ರಾಂಗ್ ಮೂವ್.”

“ನಡೀತದೆ ಸಾರ್ ಅದು! ಒಂದ್ಸಲ ನಡೀತದೆ!” ಅಪ್ಪ ಎದ್ದು ನಿಂತು ಕೂಗಿದರು. ಹಾಲ್‌ಗೆ ಹಾಲೇ ನಕ್ಕಿತು.

“ಇದೇನು ಜಗಲಿ ಆಟ ಅನ್ಕೊಂಡ್ರಾ ಯಜಮಾನ್ರೇ? ಕೂತ್ಕೊಳಿ,” ಎಂದರು ತೀರ್ಪುಗಾರರು. ಮುಟ್ಟಿದ ಕಾಯಿಯನ್ನೇ ನಡೆಸಬೇಕಂತೆ. ರಾಜನನ್ನು ಒಂದು ಮನೆ ಮುಂದೆ ತಂದು ಬಯಲಲ್ಲಿ ನಿಲ್ಲಿಸಿದೆ. ಅಣ್ಣ ಅವನನ್ನು ಅಟ್ಟಾಡಿಸಿ ಕೊಂದ.

ಹೊರಗೆ ಅಣ್ಣನ ತೋಳು ಹಿಡಿದು ನಿಲ್ಲಿಸಿದೆ. “ನಿಂಗೆ ಮೊದ್ಲೇ ಗೊತ್ತಿತ್ತು, ಅಲ್ವಾ?”

“ಎರಡು ವರ್ಷ ಆಯ್ತು. ಅಪ್ಪ ಬೇಜಾರ್ ಮಾಡ್ಕೊಂತಾರೆ ಅಂತ ಮನೇಲಿ ಹೇಳ್ಲಿಲ್ಲ ಕಣೇ.”

ಮನೆಯಲ್ಲಿ ಮೆಲ್ಲಗೆ ಹೇಳಲಾಗದವನು ಅಷ್ಟು ಜನರ ಮುಂದೆ ಕೈ ಎತ್ತಿ ಹೇಳಿದ್ದ. ಥೂ ಎಂದು ಬಂದೆ. ಅವನು ಎರಡನೇ ಸುತ್ತಿಗೆ ಒಳಗೆ ಹೋದ.

ಬಸ್ಸಿನಲ್ಲಿ ಅಪ್ಪ ನಮ್ಮಿಬ್ಬರಿಗೆ ಟಿಕೆಟ್ ತೆಗೆದುಕೊಂಡರು. ಆಮೇಲೆ ಕೇಳಿದರು, “ಹಂಗಾದ್ರೆ ಇಷ್ಟು ವರ್ಷ ನಾನು ನಿಂಗೆ ತಪ್ಪು ಕಲಿಸಿದ್ನೇನಮ್ಮಾ?”

“ಇಲ್ಲಪ್ಪ. ಅಣ್ಣ ಆ ಸಾರ್‌ಗೆ ಮೊದ್ಲೇ ಹೇಳಿಟ್ಟಿದ್ದ. ಮೋಸ ಮಾಡ್ದ.”

ಅಪ್ಪನ ಬೆನ್ನು ನೆಟ್ಟಗಾಯಿತು. ಮಗ ಮೋಸಗಾರ ಎಂದು ಅವರು ಸಾಯುವವರೆಗೂ ನಂಬಿದ್ದರು. ನಾನು ತಿದ್ದಲಿಲ್ಲ.